ಮಣಿಪಾಲದ ಏರಿನಲ್ಲಿ ಉಸಿರು ಕಟ್ಟಿದ ಕಾರು

ಶನಿವಾರ ಬೆಳಿಗ್ಗೆ ಏಳೂವರೆಗೆ ಕಾಪುವಿನಿಂದ ಹೊರಟೆವು. ಸ್ಟಿಯರಿಂಗ್ ಹಿಡಿದವಳು ನಾನು, ಪಕ್ಕದ ಸೀಟಿನಲ್ಲಿ ಅತ್ತೆ, ಡಿಕ್ಕಿಯಲ್ಲಿ ಎರಡು ಚೀಲ ಒಣಮೀನು. ಹೋಗಬೇಕಾದದ್ದು ಕಾರ್ಕಳ ದಾಟಿ ಬಜಗೋಳಿಗೆ. ಅಲ್ಲಿ ಅತ್ತೆಯ ಅಕ್ಕನ ಮನೆ ಉಂಟು, ನನ್ನ ಮೀನು ಕೊಳ್ಳುವ ಎರಡು ಅಂಗಡಿಗಳೂ ಉಂಟು. ಅತ್ತೆಯ ಹೊಸ ಕನ್ನಡಕ ಮಣಿಪಾಲದಲ್ಲಿ ತಯಾರಾಗಿದ್ದರಿಂದ ಉಡುಪಿಯ ಸುತ್ತುದಾರಿ ಹಿಡಿದೆವು.

ಕಾರು ಇನ್ನೂ ನನ್ನದಾಗಿರಲಿಲ್ಲ. ಹಳೆಯದು, ಮಾರುವವರು ಒಂದು ವಾರ ಓಡಿಸಿ ನೋಡಿ ಎಂದು ಕೀ ಕೊಟ್ಟಿದ್ದರು. ನನ್ನ ಗಂಡ ಆಳಸಮುದ್ರದ ಬೋಟಿಗೆ ಹೊರಡುವಾಗ ಹೇಳಿದ್ದು ಇಷ್ಟೇ: "ಬಜಗೋಳಿಗೆ ಹೋಗಿ ಬಾ. ಏರಿನಲ್ಲಿ ಎಳೆಯದಿದ್ದರೆ ಭಾನುವಾರ ಕೀ ವಾಪಸ್ ಕೊಟ್ಟುಬಿಡು. ಸುಮ್ಮನೆ ತಲೆಬಿಸಿ ಯಾಕೆ?" ಅವರಿಗೇನು, ಒಣಮೀನಿನ ಚೀಲ ಹಿಡಿದು ಬಸ್ಸು ಹತ್ತುವವಳು ನಾನು. ನನ್ನನ್ನು ಕಂಡ ಕೂಡಲೇ ಜನ ಮೂಗು ಮುಚ್ಚುತ್ತಾರೆ. ಕಳೆದ ತಿಂಗಳು ಕಾರ್ಕಳದಲ್ಲಿ ಬಜಗೋಳಿ ಬಸ್ಸಿನ ಕಂಡಕ್ಟರ್ ನನ್ನ ಚೀಲವನ್ನು ಕೆಳಗಿಳಿಸಿ, "ಮುಂದಿನ ಬಸ್ಸಿಗೆ ಬನ್ನಿ" ಎಂದು ಸೀಟಿ ಊದಿದ್ದ. ಅಂದು ಬಸ್‌ಸ್ಟ್ಯಾಂಡಿನಲ್ಲೇ ಅತ್ತಿದ್ದೆ. ಈ ಕಾರು ನನಗೆ ಬೇಕೇ ಬೇಕಿತ್ತು.

ಉಡುಪಿಯವರೆಗಿನ ಹದಿಮೂರು ಕಿಲೋಮೀಟರ್ ಸಮತಟ್ಟು ಹೆದ್ದಾರಿ. ನಲವತ್ತು ದಾಟಿದರೆ ಅತ್ತೆ "ಮೆಲ್ಲ, ಮೆಲ್ಲ" ಎನ್ನುವುದರಿಂದ ತೊಂದರೆ ಗೊತ್ತೇ ಆಗಲಿಲ್ಲ. ಇಂದ್ರಾಳಿ ದಾಟಿ ಮಣಿಪಾಲದ ಏರು ಹಿಡಿದಾಗ ಗೊತ್ತಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಬಳಲಿತು. ಮುಂದಿನಿಂದ ಸ್ಸ್ ಎಂದು ಸಣ್ಣ ಸದ್ದು. ಕಾಲು ಸಡಿಲಿಸಿದರೆ ಸದ್ದೂ ಇಲ್ಲ. ಕಾಲೇಜು ಮಕ್ಕಳ ಸ್ಕೂಟರ್‌ಗಳು ಹಾರ್ನ್ ಹೊಡೆದು ಮುಂದೆ ಹೋದವು. ಕೊನೆಗೆ ಸೆಕೆಂಡ್ ಗೇರಿನಲ್ಲಿ ತೆವಳಿಕೊಂಡು ಮೇಲೆ ಮುಟ್ಟಿದೆವು.

"ನಿನ್ನೆಯವರೆಗೆ ಸರಿ ಇತ್ತಲ್ವಾ?" ಎಂದರು ಅತ್ತೆ.

"ನಿನ್ನೆ ಏರು ಇರಲಿಲ್ಲ!" ಎಂದು ರೇಗಿದೆ. ಅವರು ಎಲೆಯಡಿಕೆಯ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಕನ್ನಡಕ ತೆಗೆದುಕೊಂಡು ಹಿರಿಯಡ್ಕದಲ್ಲಿ ಬನ್ಸ್ ತಿಂದು ಚಹಾ ಕುಡಿದೆವು. ಮಣಿಪಾಲದಿಂದ ಕಾರ್ಕಳಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಬಿಸಿಲಿಗೆ ಸೆರಗೆಲ್ಲ ಒದ್ದೆ. ಮಾರುವವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಕಾರ್ಕಳದ ಪೇಟೆ ಅಂಚಿನಲ್ಲಿ ಒಂದು ಗ್ಯಾರೇಜು ಕಂಡಿತು. ಮೆಕ್ಯಾನಿಕ್ ಸುಧಾಕರ ಐವತ್ತು ದಾಟಿದವರು, ಮಾತು ಕಡಿಮೆ. ಎಂಜಿನ್ ಚಾಲೂ ಮಾಡಿ ಕಿವಿ ಕೊಟ್ಟರು.

"ನಿಂತಲ್ಲಿ ಎಂತದೂ ತೊಂದರೆ ಇಲ್ಲ ಅಲ್ವಾ ಅಕ್ಕ? ಎಳೆಯುವಾಗ ಮಾತ್ರ ಪಿಕಪ್ ಇಲ್ಲ?"

"ಹೌದು ಅಣ್ಣ. ಒತ್ತಿದರೆ ಸ್ಸ್ ಅಂತ ಸದ್ದು."

ಸ್ಕ್ಯಾನರ್ ಸಿಕ್ಕಿಸಿದರು, ಯಾವ ದೋಷವನ್ನೂ ಅದು ತೋರಿಸಲಿಲ್ಲ. ಪ್ಲಗ್ ಬಿಚ್ಚಿ ನೋಡಿದರು. ಪೆಟ್ರೋಲಿನ ಒತ್ತಡ ಅಳೆದರು. ಎಲ್ಲ ಸರಿ. ಪಂಪು ಹೋಗಿದೆ, ಎಂಜಿನ್ನೇ ಹೋಗಿದೆ ಎಂದು ಯಾವಾಗ ಹೇಳುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಅವರು ಏರ್ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ಪು ಸಡಿಲಿಸಿ, ಮುಚ್ಚಳ ಅರೆ ತೆರೆದೇ ಇಟ್ಟು, ನನ್ನನ್ನು ಕೂರಿಸಿಕೊಂಡು ಏರುರಸ್ತೆಯಲ್ಲಿ ಒಂದು ಸುತ್ತು ಹೋದರು. ಅಬ್ಬಾ! ಕಾರು ಹಾರಿತು.

"ಪೆಟ್ಟಿಗೆ ತೆರೆದರೆ ಎಳೆಯುತ್ತದೆ, ಮುಚ್ಚಿದರೆ ಇಲ್ಲ. ಅಂದರೆ ಗಾಳಿ ಬರುವ ದಾರಿಯಲ್ಲಿ ಎಂತದೋ ಕೂತಿದೆ ಅಕ್ಕ. ಕಾರಿಗೆ ಉಸಿರು ಸಿಗುತ್ತಿಲ್ಲ."

ವಾಪಸ್ ಬಂದು, ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಎರಡು ಬೆರಳು ಹಾಕಿ ಒಂದು ಬಟ್ಟೆಯ ಗಂಟನ್ನು ಹೊರಗೆಳೆದರು. ಬಿಚ್ಚಿದರೆ ಹೊಗೆಸೊಪ್ಪು. "ನಿಧಾನ ಹೋಗುವಾಗ ಸುಮ್ಮನೆ ಕೂತಿರುತ್ತದೆ. ಒತ್ತಿದ ಕೂಡಲೇ ಗಾಳಿಯ ಎಳೆತಕ್ಕೆ ಒಳಗೆ ಸರಿದು ಬಾಯಿ ಮುಚ್ಚುತ್ತದೆ" ಎಂದರು.

ಬಟ್ಟೆಯ ನೀಲಿ ಅಂಚು ನನಗೆ ಪರಿಚಯದ್ದು. ಅತ್ತೆಯ ಹಳೆಯ ಸೀರೆ. ತಿರುಗಿ ನೋಡಿದೆ. ಅವರು ಹೊಸ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು.

"ನಿನ್ನೆ ಸಂಜೆ ನೀನು ಬಾನೆಟ್ ತೆರೆದು ವೈಪರಿಗೆ ನೀರು ತರಲು ಒಳಗೆ ಹೋದೆಯಲ್ಲ, ಆಗ ಇಟ್ಟೆ" ಎಂದರು. "ನಮ್ಮಲ್ಲಿ ಎಲ್ಲರೂ ಕಾರಿನೊಳಗೆ ಹೊಗೆಸೊಪ್ಪು ಇಡುತ್ತಾರೆ, ಆ ವಾಸನೆಗೆ ಇಲಿ ಬರುವುದಿಲ್ಲ ಅಂತ. ಹಳೇ ಕನ್ನಡಕದಲ್ಲಿ ಆ ಕೊಳವೆಯ ಬಾಯಿ ಇಲಿಯ ಬಿಲದ ಹಾಗೆಯೇ ಕಂಡಿತು ಮಾರಾಯ್ತಿ."

"ಇಲಿ ಬರಲಿಲ್ಲ ಅಮ್ಮ, ಗಾಳಿಯೂ ಬರಲಿಲ್ಲ" ಎಂದು ಸುಧಾಕರ ನಕ್ಕರು. ನನಗೆ ನಗು ಬರಲಿಲ್ಲ. "ಒಂದು ಮಾತು ಕೇಳಬಾರದಿತ್ತಾ ಅತ್ತೆ? ನಾಳೆ ಕೀ ವಾಪಸ್ ಕೊಡುವವಳಿದ್ದೆ ನಾನು!"

ಅತ್ತೆ ಕನ್ನಡಕ ಮೂಗಿಗೇರಿಸಿದರು. "ಕೊಡಬಾರದು ಅಂತಲೇ ಇಟ್ಟದ್ದು. ಇಲಿ ವೈರು ಕಡಿದರೆ ಕಾರು ಬೇಡ ಅಂತ ನನ್ನ ಮಗ ಹೇಳುತ್ತಾನಲ್ವಾ? ಮೂವತ್ತು ವರ್ಷ ಮೀನಿನ ಬುಟ್ಟಿ ಹಿಡಿದು ಅದೇ ಬಸ್ಸಿನಲ್ಲಿ ನಿಂತವಳು ನಾನು. ಖಾಲಿ ಸೀಟು ಇದ್ದರೂ ಕೂತವಳಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರ ಕೈ ಹಿಡಿದು ಕಾರಿನಲ್ಲಿ ಕೂರಿಸಿದೆ.

ಬಜಗೋಳಿ ಅಲ್ಲಿಂದ ಅರ್ಧ ಗಂಟೆಯೊಳಗೆ ಸಿಕ್ಕಿತು. ಚೀಲಗಳನ್ನು ಅಂಗಡಿಗಳಿಗೆ ಇಳಿಸಿ, ದೊಡ್ಡತ್ತೆಯ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ ಉಂಡೆವು. ಮೂರೂವರೆಗೆ ಹೊರಟೆವು.

ಕಾರ್ಕಳ ಇನ್ನೂ ಸ್ವಲ್ಪ ದೂರವಿರುವಾಗ, ಅಗಲದ ಏರುರಸ್ತೆಯಲ್ಲಿ ಮುಂದೊಂದು ಬಸ್ಸು ಹೊಗೆ ಬಿಡುತ್ತ ಏರುತ್ತಿತ್ತು. ಫುಟ್‌ಬೋರ್ಡಿನಲ್ಲಿ ನಿಂತವನನ್ನು ಕಂಡು "ಅದೇ ಕಂಡಕ್ಟರ್" ಎಂದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಸ್ಸನ್ನು ನೋಡಿದರು, ಆಮೇಲೆ ಎದುರಿನ ರಸ್ತೆ ನೋಡಿದರು. ಎದುರಿನಿಂದ ಏನೂ ಬರುತ್ತಿರಲಿಲ್ಲ.

ಮೆಲ್ಲ ಎನ್ನುತ್ತಾರೆಂದು ಕಾದೆ.

"ಒತ್ತು ಮಾರಾಯ್ತಿ" ಎಂದರು ಅತ್ತೆ.