ಯಾರ ಮಾತೂ ಕೇಳದ ಇನ್ಸುಲಿನ್

ಹೇಮಾವತಿ ಮೇಡಂ ಬೈದರೆ ನಮಗೇನೂ ಅನ್ನಿಸುತ್ತಿರಲಿಲ್ಲ. ಹೊಗಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. "ಭಾರಿ ಶಾಣ್ಯಾ ಅದೀಯಲ್ಲ, ಎದ್ದು ನಿಂತು ಎಲ್ಲರಿಗೂ ಹೇಳು" ಎಂದರೆ ಆ ಹುಡುಗನ ಕಥೆ ಮುಗಿಯಿತೆಂದೇ ಅರ್ಥ. ಕೊಟ್ಟೂರಿನ ನಮ್ಮ ಪಿಯು ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಹೇಳುತ್ತಿದ್ದರು. ಬಾಡಿಗೆಗಿದ್ದುದು ನಮ್ಮ ಮನೆಯ ಮಹಡಿಯಲ್ಲಿ. ಹಾಗಾಗಿ ನನಗೆ ಈ ಹೊಗಳಿಕೆಯ ಭಾಗ್ಯ ಭಾನುವಾರವೂ ತಪ್ಪುತ್ತಿರಲಿಲ್ಲ.

ಊಟದ ಬಿಡುವಿಗೆ ಮುಂಚಿನ ತರಗತಿ ಅವರದು. ಒಂದು ದಿನ ಎದುರಿನ ಅಂಗಡಿಯಿಂದ ಮಿರ್ಚಿ ಕರಿಯುವ ವಾಸನೆ ಬಂತು. ಎಲ್ಲರ ಕತ್ತೂ ಕಿಟಕಿಯತ್ತ ತಿರುಗಿತು.

"ಮಿರ್ಚಿ ಇನ್ನೂ ಎಣ್ಣ್ಯಾಗ ಐತಿ," ಎಂದರು ಮೇಡಂ. "ನಿಮ್ಮ ಮಿದುಳು ಆಗ್ಲೇ ವೇಗಸ್ ಅನ್ನೋ ನರದ ಕೈಲಿ ಮೇದೋಜೀರಕಕ್ಕ ಸುದ್ದಿ ಮುಟ್ಟಿಸೈತಿ. ಅದು ಇನ್ಸುಲಿನ್ ಬಿಡಾಕ ಹತ್ತೈತಿ. ನಾ ಇಷ್ಟು ಒದರಿದ್ರೂ ಒಳಗ ಇಳೀದ ಪಾಠ, ವಾಸನಿಗೆ ಇಳೀತು ನೋಡ್ರಿ!"

ಹಿಂದಿನ ಬೆಂಚಿನ ಕೊಟ್ರೇಶ ನಕ್ಕ. ಅವನನ್ನು ಎಬ್ಬಿಸಿ, "ನಾಳೆ ಪರೀಕ್ಷಿ ಐತಿ" ಎಂದರು. ಅವನ ಮುಖ ಬಿಳಿಚಿಕೊಂಡಿತು.

"ಈಗ ಇವನ ಒಳಗ ಬ್ಯಾರೆ ನರ ಎದ್ದಾವು. ಹೆದರಿದಾವಗ ಓಡಾಕ ರಕ್ತದಾಗ ಸಕ್ಕರಿ ಬೇಕು. ಅದಕ್ಕ ಅವು ಇನ್ಸುಲಿನ್ ತಡೀತಾವು. ಕುಂದ್ರಪ್ಪ, ಪರೀಕ್ಷಿ ಇಲ್ಲ."

ಅವರ ಸ್ವಂತ ಮೇದೋಜೀರಕದ ಸಂಗತಿ ಕಾಲೇಜಿಗೆ ಗೊತ್ತಿರಲಿಲ್ಲ. ಇನ್ಸುಲಿನ್ ಮಾಡುವ ಜೀವಕೋಶಗಳು ಚಿಕ್ಕಂದಿನಲ್ಲೇ ನಾಶವಾಗಿದ್ದವು. ಊಟಕ್ಕೆ ಸ್ವಲ್ಪ ಮುಂಚೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು. "ನನ್ನ ನರ ಪಾಪ, ಸುದ್ದಿ ಒಯ್ತಾವ್ರಿ. ಬಾಗಿಲಾ ಬಡೀತಾವು. ಒಳಗ ಯಾರೂ ಇಲ್ಲ," ಎಂದು ನಮ್ಮವ್ವನಿಗೆ ಹೇಳಿದ್ದರು.

ಆ ವರ್ಷ ಹಂಪಸಾಗರದಿಂದ ಗಂಡಿನ ಕಡೆಯವರು ಮೇಡಂ ಅವರನ್ನು ನೋಡಲು ಮಹಡಿಗೆ ಬಂದರು. ಅಡುಗೆಗೆ ಕೈಜೋಡಿಸಲು ಅವ್ವನೂ ನಾನೂ ಅಲ್ಲೇ ಇದ್ದೆವು. ತಮ್ಮೂರು ಇಟ್ಟಿಗಿಯಿಂದ ಬಂದಿದ್ದ ಮೇಡಂ ಅಪ್ಪ, "ಸೂಜಿ ಮಾತು ಎತ್ತಬ್ಯಾಡವಾ. ಮದುವ್ಯಾದ ಮ್ಯಾಲ ಹೇಳಿದ್ರಾತು" ಎಂದು ಕೈಮುಗಿದರು. ಮೇಡಂ ಎಲೆ ಹಾಕಿದ್ದು ನೋಡಿ ಒಳಗೆ ಹೋಗಿ ಸೂಜಿ ಚುಚ್ಚಿಕೊಂಡು ಬಂದರು.

ಅಷ್ಟರಲ್ಲಿ ಗಂಡಿನ ಸೋದರಮಾವನಿಗೆ ಲೋಕಜ್ಞಾನ ಉಕ್ಕಿತು. ರೊಟ್ಟಿ ಬಡಿಯಲು ಬರುತ್ತದೆಯೇ, ನೌಕರಿ ಬಿಡುತ್ತೀಯಾ, ಜಡೆ ಸ್ವಂತದ್ದೇ? ವಿಚಾರಣೆ ಮುಗಿಯಲೇ ಇಲ್ಲ. ಎಲೆಗಳು ಖಾಲಿ ಇದ್ದವು. ಮೇಡಂ ಹಣೆ ಬೆವರಿತು, ಬೆರಳು ನಡುಗತೊಡಗಿದವು. ಥಟ್ಟನೆ ಎದ್ದು, ಗಂಡಿನ ಮುಂದಿದ್ದ ತಟ್ಟೆಯಿಂದಲೇ ಲಾಡು ತೆಗೆದು ಬಾಯಿಗಿಟ್ಟುಕೊಂಡರು.

"ಹುಡುಗಿಗೆ ಭಾಳ ಹಸಿವು ಕಾಣಸ್ತೈತಿ," ಎಂದರು ಸೋದರಮಾವ.

ಮೇಡಂ ಇನ್ನೊಂದು ಲಾಡು ತಿಂದು ಮುಗಿಸಿ ಹೇಳಿದರು: "ನಿಮ್ಮ ಇನ್ಸುಲಿನ್ ನಿಮ್ಮ ನರದ ಮಾತು ಕೇಳ್ತೈತ್ರಿ. ಹೆದರಿದ್ರ ನಿಲ್ತೈತಿ, ಉಣ್ಣಾಕ ಕುಂತ್ರ ಬರತೈತಿ. ನಾ ಚುಚ್ಚಿಕೊಂಡಿದ್ದು ಯಾರ ಮಾತೂ ಕೇಳಂಗಿಲ್ಲ. ಉಣ್ಣದಿದ್ರೂ ಸಕ್ಕರಿ ಇಳಿಸ್ತಾನ ಹೋಗತೈತಿ. ನಿಮ್ಮ ಪ್ರಶ್ನಿ ಮುಗಿಯೋತನಕ ಕಾದಿದ್ರ ನಾ ಇಲ್ಲೇ ಬೀಳ್ತಿದ್ದೆ."

ವರಮಹಾಶಯ ಮಾವನ ಮುಖ ನೋಡಿದ. ಹೆಣ್ಣು ನೋಡಲು ಬಂದವನು ಕೊನೆಯವರೆಗೂ ನೋಡಿದ್ದು ಅದೊಂದೇ ಮುಖ. ಎಲ್ಲರೂ ಉಣ್ಣದೇ ಎದ್ದು ಹೋದರು.

"ಅಪ್ಪಾ, ಅಳೋದು ಆಮ್ಯಾಲ. ಬಡಸು," ಎಂದು ಮೇಡಂ ಎಲೆಯ ಮುಂದೆ ಕೂತರು.  

ನಾನು ಹೂವಿನಹಡಗಲಿಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರನ್ನು ನೋಡಿದ್ದು ಒಂದೇ ಸಲ. ತಮ್ಮ ಪರಿಚಯದವರ ಮಗಳು ಪುಟ್ಟಿಗೂ ಅದೇ ಕಾಯಿಲೆಯೆಂದು ತಿಳಿದು, ತಾಯಿ-ಮಗಳನ್ನು ನಮ್ಮ ಲ್ಯಾಬಿಗೆ ಕರೆತಂದಿದ್ದರು. ಹುಡುಗಿಗಿಂತ ತಾಯಿಯೇ ಹೆಚ್ಚು ಅಳುತ್ತಿದ್ದಳು.

"ಮುಂದ ಇಕಿ ಮದುವಿ ಹೆಂಗ್ರಿ ಮೇಡಂ?"

"ಮೊದ್ಲು ಮಧ್ಯಾಹ್ನದ ಊಟದ ಚಿಂತಿ ಮಾಡವಾ," ಎಂದು ಮೇಡಂ ಬೆಂಚಿನ ಮೇಲೆ ಪುಟ್ಟಿಯ ಪಕ್ಕ ಕೂತು, ಹೊಟ್ಟೆಯ ಚರ್ಮ ಹೇಗೆ ಚಿವುಟಿ ಹಿಡಿಯಬೇಕೆಂದು ತೋರಿಸಿಕೊಟ್ಟರು. ಆಮೇಲೆ ಕೊಟ್ಟೂರಿನ ಬಸ್ಸು ಹತ್ತಿದರು. ಸ್ವಲ್ಪ ದಿನಕ್ಕೆ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು.

ಪುಟ್ಟಿ ಲ್ಯಾಬಿಗೆ ಬಂದಾಗಲೆಲ್ಲ, "ಮೇಡಂ ಬಂದಾರೇನ್ರಿ?" ಎಂದು ಕೇಳುತ್ತಾಳೆ. ಇಲ್ಲವೆನ್ನುತ್ತೇನೆ. ರಕ್ತ ತೆಗೆಯಲು ತಾನೇ ಬೆರಳು ಚಾಚುತ್ತಾಳೆ. ತಾಯಿ ಮುಖ ತಿರುಗಿಸಿಕೊಂಡರೆ, "ಇಲ್ಲಿ ನೋಡವ್ವಾ, ಹೆದರಬ್ಯಾಡ" ಎನ್ನುತ್ತಾಳೆ.