ಬಂದೂಕುಗಳ ಗಂಟಲು ತೊಳೆಯುವ ಸೈಮಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಕುಹ್ಮೊ ಊರಿನಾಚೆ, ಕೆರೆದಂಡೆಯ ಮರದ ಶೆಡ್ಡಿನಲ್ಲಿ ಸೈಮಿ ಕೆಂಪೈನೆನ್ ಕಾಫಿ ಮುಗಿಸಿ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಬೇಟೆ ಬಂದೂಕಿನ ಸೈಲೆನ್ಸರ್ ಒಂದನ್ನು ಬಿಚ್ಚಿ, ಗುಂಡು ಹಾದುಹೋಗುವ ಒಳಗಿನ ತೂತುಬಿಲ್ಲೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮಸಿ ಉಜ್ಜಿ ತೆಗೆದು, ಅದೇ ಕ್ರಮದಲ್ಲಿ, ಅದೇ ಮುಖಕ್ಕೆ ಮತ್ತೆ ಜೋಡಿಸುತ್ತಾರೆ. ಆಮೇಲೆ ಕೊಳವೆಯನ್ನು ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ತುದಿಯಲ್ಲಿ ಬೆಳಕು ದುಂಡಗೆ ಕಂಡರೆ ಕೆಳಗಿಡುತ್ತಾರೆ. ಇಲ್ಲದಿದ್ದರೆ ಮತ್ತೆ ಬಿಚ್ಚುತ್ತಾರೆ.

ಫಿನ್‌ಲೆಂಡಿನ ಈ ಮೂಲೆಯಲ್ಲಿ ಸೈಲೆನ್ಸರ್ ಇಲ್ಲದೆ ಬೇಟೆಗೆ ಹೋಗುವವರು ಕಡಿಮೆ. ಗುಂಡಿನ ಸದ್ದು ಪೂರ್ತಿ ಅಡಗುವುದಿಲ್ಲ, ಬೇಟೆಗಾರನ ಕಿವಿಯೂ ಪಕ್ಕದಲ್ಲಿರುವ ನಾಯಿಯ ಕಿವಿಯೂ ಉಳಿಯುವಷ್ಟು ತಗ್ಗುತ್ತದೆ. ಕಿವಿಯ ಬೆಲೆ ಸೈಮಿಗೆ ಗೊತ್ತು. ಕಾಗದದ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ಮಾಡುತ್ತಲೇ ಅವರ ಬಲಗಿವಿ ಮಂದವಾಯಿತು. ಕಾರ್ಖಾನೆ ಮುಚ್ಚಿದ ಮೇಲೆ ಬಂದೂಕು ದುರಸ್ತಿ ಕಲಿತು, ಪರವಾನಗಿ ಪಡೆದು ಈ ಶೆಡ್ಡು ತೆರೆದರು. ಊರಿನ ಬೇಟೆ ಸಂಘದ ಗಂಡಸರು ಮೊದಮೊದಲು ನಕ್ಕರು. "ಪಾತ್ರೆ ತೊಳೆಯೋದು ಸಾಕಾಯ್ತಾ ಸೈಮಿ?" ಅಂತ ಕೇಳಿದವನು ಸಂಘದ ಮುಖಂಡ ತೌನೊ.

ಕಳೆದ ಅಕ್ಟೋಬರಿನಲ್ಲಿ ಆ ತೌನೊನೇ ಬಾಗಿಲಲ್ಲಿ ಬಂದು ನಿಂತ. ಹಿಂದಿನ ವಾರ ಅವನು ಹೊಡೆದ ಗುಂಡು ಗುರಿ ತಪ್ಪಿ ಮೂಸ್ ಎಂಬ ದೈತ್ಯ ಜಿಂಕೆಯೊಂದರ ಹೊಟ್ಟೆಗೆ ತಗುಲಿತ್ತು. ಗಾಯಗೊಂಡ ಪ್ರಾಣಿ ಇಡೀ ರಾತ್ರಿ ನರಳಿ, ಬೆಳಗ್ಗೆ ನಾಯಿಗಳ ಸಹಾಯದಿಂದ ಸಿಕ್ಕಿತ್ತು. ಮುದುಕನ ಕಣ್ಣು ಹೋಯಿತು ಎಂದು ಸಂಘದಲ್ಲಿ ಗುಸುಗುಸು. ತೌನೊ ಮುಖಂಡತನ ಬಿಡುವುದಾಗಿ ಹೇಳಿ, ಬಂದೂಕು ಮಾರಿಕೊಡು ಎಂದು ಕೇಳಲು ಬಂದಿದ್ದ.

"ಮಾರೋದು ಆಮೇಲೆ. ಸೈಲೆನ್ಸರ್ ಇಲ್ಲಿಡು, ನೀನು ಕಾಫಿ ಕುಡಿ," ಎಂದರು ಸೈಮಿ.

ಬಿಚ್ಚಿ ನೋಡಿದರೆ ಒಂದು ಬಿಲ್ಲೆ ತಿರುವುಮುರುವಾಗಿ ಕೂತಿತ್ತು. ಅದರ ಅಂಚಿಗೆ ಗುಂಡು ಸವರಿಕೊಂಡು ಹೋದ ಹೊಳೆಯುವ ಗೀರು; ಗುಂಡು ದಾರಿ ತಪ್ಪಿದ್ದು ಅಲ್ಲೇ. ಹಿಂದಿನ ಚಳಿಗಾಲದಲ್ಲಿ ಅದನ್ನು ತೊಳೆದು ಜೋಡಿಸಿದ್ದು ತೌನೊನೇ. ಅವನು ಗೀರಿನ ಮೇಲೆ ಬೆರಳಾಡಿಸಿದ.

"ಯಾರಿಗೂ ಹೇಳಬೇಡ," ಎಂದ.

"ನನಗ್ಯಾಕೆ? ಹೇಳೋದಿದ್ರೆ ನೀನೇ ಹೇಳ್ತೀಯ."

ಬಿಲ್ಲೆ ಬದಲಾಯಿಸಿ, ಕೊಳವೆ ನೇರವಾಗಿದೆಯೇ ಎಂದು ಪರೀಕ್ಷಿಸಿ, ಸೈಮಿ ಅವನನ್ನು ಗುರಿಮೈದಾನಕ್ಕೆ ಕರೆದೊಯ್ದರು. ಹಲಗೆಯ ಮೇಲೆ ಅವನು ಹೊಡೆದ ಗುಂಡಿನ ತೂತುಗಳು ಒಂದರ ಪಕ್ಕ ಒಂದು ಗುಂಪಾಗಿ ಬಿದ್ದವು. ಆ ಶನಿವಾರ ಕಾಡಿನಲ್ಲಿ ತೌನೊ ಒಂದೇ ಗುಂಡಿಗೆ ದೊಡ್ಡ ಗಂಡು ಮೂಸ್ ಕೆಡವಿದ. ಪ್ರಾಣಿ ನಿಂತಲ್ಲೇ ಉರುಳಿತು. ನರಳಾಟವಿಲ್ಲ, ಹುಡುಕಾಟವಿಲ್ಲ.

ಬೇಟೆಗಾಲ ಮುಗಿದ ಮೇಲೆ ಊರಿಗೆಲ್ಲ ಮೂಸ್ ಮಾಂಸದ ಸಾರು ಬಡಿಸುವ ಔತಣ. ವರದಿಗೆಂದು ಬಂದಿದ್ದ ನಾನೂ ಸಾರಿನ ಬಟ್ಟಲು ಹಿಡಿದು ಕೂತಿದ್ದೆ. ತೌನೊ ಎದ್ದು ನಿಂತ. ಇಲ್ಲಿಯ ಗಂಡಸರು ಎದ್ದು ಮಾತಾಡುವುದೇ ಅಪರೂಪ.

"ಕೆಟ್ಟಿದ್ದು ನನ್ನ ಕಣ್ಣಲ್ಲ, ಕೈ. ಬಿಲ್ಲೆ ಉಲ್ಟಾ ಹಾಕಿದ್ದು ನಾನೇ. ಸೈಮಿಗೆ ಗೊತ್ತಿತ್ತು, ಒಬ್ಬರ ಹತ್ರಾನೂ ಬಾಯಿ ಬಿಡಲಿಲ್ಲ. ಪಾತ್ರೆ ಅಂತ ಆಡ್ಕೊಂಡಿದ್ದು ನನ್ನ ತಪ್ಪು."

ಮೆಚ್ಚುಗೆಗೆ ಯಾರೋ ಮೇಜು ಕುಟ್ಟಿದರು. ನೋಡನೋಡುತ್ತ ಇಡೀ ಹಾಲ್ ಮೇಜು ಕುಟ್ಟತೊಡಗಿತು. ಅಂದೇ ಸಂಘ ಸೈಮಿಯನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು, ಮುಖಂಡನಾಗಿ ತೌನೊನನ್ನೇ ಉಳಿಸಿಕೊಂಡಿತು.

ಈಗ ಶೆಡ್ಡಿನ ಕಪಾಟು ತುಂಬಿದೆ. ಪಕ್ಕದ ಜಿಲ್ಲೆಗಳಿಂದಲೂ ಸೈಲೆನ್ಸರ್‌ಗಳ ಪೊಟ್ಟಣಗಳು ಬರುತ್ತವೆ. ಈ ಬಾರಿ ಸೈಮಿ ಮೊದಲ ಸಲ ಬಂದೂಕು ಹಿಡಿದು ಕಾಡಿಗೆ ಇಳಿಯಲಿದ್ದಾರೆ. ಬೇಟೆಗಾರರ ಸಾಲಿನಲ್ಲಿ ಎಲ್ಲಿ ನಿಲ್ಲಲು ಇಷ್ಟ ಎಂದು ಕೇಳಿದೆ.

"ತೌನೊ ಪಕ್ಕದ ಜಾಗ ಕೊಡಿ ಅಂದಿದ್ದೀನಿ," ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತ. "ಅವನ ಗುಂಡು ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು."