ಬಡಿಯದ ತಂತಿ

ಚಿಲಕಲಪೂಡಿಯಲ್ಲಿ ಕಿವಿಯ ರಿಂಗು ಮಾಡಲು ಬಾರದ ಹೆಂಗಸು ಯಾರಾದರೂ ಇದ್ದರೆ ಅವಳು ನಿನ್ನೆ ಮೊನ್ನೆ ಮದುವೆಯಾಗಿ ಬಂದವಳೇ ಇರಬೇಕು. ನಾಂಚಾರಮ್ಮನಿಗಂತೂ ಇದು ನಲವತ್ತು ವರ್ಷದ ಕೆಲಸ. ತಾಮ್ರದ ತಂತಿಯನ್ನು ಹೆಬ್ಬೆರಳು ದಪ್ಪದ ಸರಳಿಗೆ ಸುತ್ತುವುದು, ಸುತ್ತಿಗೊಂದರಂತೆ ಕತ್ತರಿಸುವುದು, ಒಂದು ತುದಿಯನ್ನು ಗುಂಡುಮೂತಿಯ ಇಕ್ಕಳದಲ್ಲಿ ಮಡಿಸಿ ಕಣ್ಣು ಮಾಡುವುದು, ಇನ್ನೊಂದು ತುದಿಯನ್ನು ಕೊಕ್ಕೆಯಾಗಿ ಬಾಗಿಸಿ ಅರದಿಂದ ಉಜ್ಜುವುದು. ಕೊನೆಗೆ ಅಡಿಗಲ್ಲಿನ ಮೇಲಿಟ್ಟು ಪುಟ್ಟ ಸುತ್ತಿಗೆಯಿಂದ ಐದಾರು ಏಟು ಹಾಕಿದರೆ ಅವಳ ಪಾಲು ಮುಗಿಯಿತು. ಚಿನ್ನದ ನೀರು ಕುಡಿಸುವವರು ಬೇರೆ. ಕಂಡು ಕೇಳರಿಯದ ಊರುಗಳ ಕಿವಿಗಳಲ್ಲೆಲ್ಲ ಅವಳ ರಿಂಗುಗಳು ತೂಗುತ್ತಿದ್ದವು. ಅವಳ ಕಿವಿ ಮಾತ್ರ ಬೋಳು. ಹಾಕಿಕೊಳ್ಳಲು ಜಾಗವೇ ಇರಲಿಲ್ಲ. ಹಾಲೆಗಳೆರಡೂ ತೂತಿನಿಂದ ಕೆಳಕ್ಕೆ ಸೀಳಿಹೋಗಿ ಎರಡೆರಡು ಚೂರಾಗಿ ನೇತಾಡುತ್ತಿದ್ದವು.

ಸೀಳಿದವನು ಗಂಡ ಏಡುಕೊಂಡಲು. ಹೆಸರಿಗೆ ಏಳು ಬೆಟ್ಟದ ಒಡೆಯ, ಗುಣಕ್ಕೆ ಮೂರು ಕಾಸಿನವನು. ಪಂದ್ಯದ ಕೋಳಿ ಸಾಕುತ್ತಿದ್ದ. ಕೋಳಿಗೆ ಬಾದಾಮಿ, ಹೆಂಡತಿಗೆ ಗುದ್ದು. ಎಲ್ಲ ಗಂಡಸರ ಸಿಟ್ಟೂ ಒಂದೊಂದು ಕಡೆ ಹೋಗುತ್ತದೆ. ಕೆಲವರದು ಬಾಯಿಗೆ, ಕೆಲವರದು ಕಾಲಿಗೆ. ಇವನದು ಹೆಂಡತಿಯ ಕಿವಿಗೆ. ಎತ್ತಿನ ಮೂಗುದಾರ ಹಿಡಿದಂತೆ ಓಲೆಯೊಳಗೆ ಬೆರಳು ತೂರಿಸಿ ಜಗ್ಗುತ್ತಿದ್ದ. ಎಡಗಿವಿ ಹರಿದಾಗ ಅವಳಿಗೆ ಹತ್ತೊಂಬತ್ತು. ಬಲಗಿವಿ ಹರಿದದ್ದು ಮಗ ಹುಟ್ಟಿದ ಮೇಲೆ. ಕೂಸು ಮೊಲೆ ಚೀಪುತ್ತಿದ್ದಾಗಲೇ, ರಕ್ತ ಅದರ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಅತ್ತೆ ಅರಿಶಿನ ಮೆತ್ತಿ, “ಬಡಿದಷ್ಟೂ ತಂತಿ ಗಟ್ಟಿ ಕಣೇ, ಹೆಣ್ಣೂ ಹಂಗೇ,” ಎಂದು ಸಮಾಧಾನ ಹೇಳಿದಳು. ತಂತಿಯ ಕೆಲಸ ಬಲ್ಲವರು ಆಡುವ ಮಾತೇ ಅದು? ಬಡಿದ ತಂತಿ ಗಟ್ಟಿಯಾಗುವುದು ನಿಜ. ಮತ್ತೂ ಬಡಿದರೆ ಪಟ್ಟೆಂದು ಮುರಿಯುವುದೂ ಅಷ್ಟೇ ನಿಜ. ಅರ್ಧ ಸತ್ಯ ಹೇಳಿ ಸೊಸೆಯ ಬಾಯಿ ಮುಚ್ಚಿಸುವುದು ಅತ್ತೆಯರಿಗೆ ಸಲೀಸು.

ಏಡುಕೊಂಡಲು ಸತ್ತದ್ದು ತನ್ನ ಕೋಳಿಯಿಂದಲೇ. ಕಾಲಿಗೆ ಕತ್ತಿ ಕಟ್ಟಿದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಕಣಕ್ಕಿಳಿಯುವಾಗ ಅದು ಕೊಸರಿಕೊಂಡು ಒದ್ದಿತು; ತೊಡೆಯ ನರ ಕುಯ್ದುಹೋಯಿತು. ಮನೆಗೆ ಹೊತ್ತು ತರುವಷ್ಟರಲ್ಲಿ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಊರೆಲ್ಲ ಅಯ್ಯೋ ಎಂದಿತು. ನಾಂಚಾರಮ್ಮ ಎನ್ನಲಿಲ್ಲ. ಹುಂಜಕ್ಕೆ ಒಂದು ಹಿಡಿ ಜೋಳ ಹಾಕಿದಳು ಎಂದು ಪಕ್ಕದ ಮನೆಯ ಪಿಚ್ಚಮ್ಮ ಇಂದಿಗೂ ಹೇಳುತ್ತಾಳೆ. ಪಿಚ್ಚಮ್ಮನ ಮಾತಿಗೆ ಉಪ್ಪು ಖಾರ ಜಾಸ್ತಿ, ಆದರೂ ಇದು ಸುಳ್ಳಿರಲಾರದು.

ಮಗ ಮಲ್ಲೇಶುವನ್ನು ರಿಂಗಿನ ಕೆಲಸದಲ್ಲೇ ಸಾಕಿದಳು. ಹುಡುಗ ಅಪ್ಪನ ಮೂಗು, ಅಪ್ಪನ ನಡಿಗೆ, ಕೊನೆಗೆ ಅಪ್ಪನ ಕೋಳಿಹುಚ್ಚನ್ನೂ ತಂದುಕೊಂಡ. ಅಷ್ಟಕ್ಕೇ ನಿಲ್ಲಲಿ ತಾಯೀ ಎಂದು ಅವಳು ದೇವಿಗೆ ಹರಕೆ ಹೊತ್ತಳು. ಇಪ್ಪತ್ತಾರಕ್ಕೆ ಮದುವೆ ಮಾಡಿದಳು. ಗುಡಿವಾಡದ ಕಡೆಯಿಂದ ಸೊಸೆ ರಮಾತುಲಸಿ ಬಂದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹದಿನೈದೇ ದಿನದಲ್ಲಿ ಇಕ್ಕಳ ಹಿಡಿಯುವುದು ಕಲಿತಳು. ನಾಂಚಾರಮ್ಮನಿಗೆ ಆ ಹುಡುಗಿಯೆಂದರೆ ಜೀವ.

ಒಂದು ಮಧ್ಯಾಹ್ನ ಗಂಡ ಹೆಂಡತಿ ಏನೋ ಸಣ್ಣ ಮಾತಿಗೆ ಕಚ್ಚಾಡುತ್ತಿದ್ದರು. ಮಲ್ಲೇಶುವಿನ ಬಲಗೈ ಮೇಲೆದ್ದು ನೇರ ಹೆಂಡತಿಯ ಕಿವಿಯತ್ತ ಹೋಯಿತು. ಅಲ್ಲೇ ತಡೆಯಿತು. ಆಮೇಲೆ ಅವಳ ಜಡೆಯನ್ನು ಸರಿಪಡಿಸಿದಂತೆ ಮಾಡಿ ಕೆಳಗಿಳಿಯಿತು. ರಮಾತುಲಸಿ ಅದನ್ನು ಮುದ್ದು ಎಂದುಕೊಂಡು ನಕ್ಕಳು. ಬಾಗಿಲಲ್ಲಿ ಕೂತಿದ್ದ ನಾಂಚಾರಮ್ಮನಿಗೆ ತನ್ನ ಹಾಲೆಗಳೆರಡೂ ಚುರುಗುಟ್ಟಿದವು.

ಅವಳು ಮಾಡಬೇಕಾದದ್ದು ಒಂದೇ ಇತ್ತು. ಸೊಸೆಯನ್ನು ಕೂರಿಸಿಕೊಂಡು, ನನ್ನ ಕಿವಿ ನೋಡು, ಇವನ ಅಪ್ಪ ಮಾಡಿದ್ದು, ಇವನ ಕೈಯೂ ಅದೇ ದಾರಿ ಹಿಡಿದಿದೆ, ಜೋಕೆ ಎನ್ನಬೇಕಿತ್ತು. ಎನ್ನಲಿಲ್ಲ. ಹೆತ್ತ ಮಗನ ಮೇಲೆ ಹೊಸ ಸೊಸೆಗೆ ಚಾಡಿ ಹೇಳುವುದು ಹೇಗೆ? ಹುಡುಗಿ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೋದರೆ? ಕಿವಿ ಹೇಗೆ ಹರಿಯಿತು ಎಂದು ಸೊಸೆ ಕೇಳಿದ್ದಾಗಲೂ, “ಹಳೇ ಕಾಲದ ಭಾರದ ಓಲೆ ಕಣಮ್ಮಾ, ಜೋತು ಜೋತು ಹರೀತು,” ಎಂದಿದ್ದಳು. ಬಾಯಿಂದಾಗದ್ದನ್ನು ಕೈಯಿಂದ ಮಾಡಲು ಹೊರಟಳು. ಒಂದು ತುಂಡು ತಂತಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗದ್ದಿದಳು. ಹಾಗೆ ಮಾಡಿದ ತಾಮ್ರ ಬೆಣ್ಣೆಯಂತಾಗುತ್ತದೆ. ಅದರಿಂದ ಸೊಸೆಗೊಂದು ಜೊತೆ ರಿಂಗು ಮಾಡಿ, ಬಡಿಯದೆ ಹಾಗೇ ಬಿಟ್ಟು, ಚಿನ್ನದ ನೀರು ಕುಡಿಸಿ ತಂದಳು. ಜಗ್ಗಿದರೆ ಕೊಕ್ಕೆ ಬಿಚ್ಚಿಕೊಂಡು ರಿಂಗು ಕೈಗೆ ಬರಬೇಕು, ಕಿವಿ ಉಳಿಯಬೇಕು. ತನ್ನ ಕಿರುಬೆರಳಿಗೆ ಹಾಕಿ ನಾಲ್ಕು ಸಲ ಎಳೆದು ನೋಡಿಯೇ ಕೊಟ್ಟಳು.

ರಮಾತುಲಸಿಗೆ ಸಂತೋಷವೋ ಸಂತೋಷ. ಅದು ವಾರವೂ ಉಳಿಯಲಿಲ್ಲ. ತಲೆಗೆ ಸ್ನಾನ ಮಾಡುವಾಗ ಬಿದ್ದುಹೋಗುವುದು, ಸೆರಗಿಗೆ ಸಿಕ್ಕಿ ಉದ್ದವಾಗುವುದು, ದಿನಕ್ಕೆರಡು ಸಲ ದುಂಡಗೆ ಮಾಡಿಕೊಳ್ಳಬೇಕು. ಪಿಚ್ಚಮ್ಮ ಬಿಡುತ್ತಾಳೆಯೇ?

“ಏನೇ ಅಮ್ಮಾಯ್, ಊರ ಕಿವಿಗೆಲ್ಲ ಬಡಿದು ಕೊಡೋ ನಿಮ್ಮತ್ತೆಗೆ ನಿನ್ನ ರಿಂಗು ಬಡಿಯೋಕೆ ಸುತ್ತಿಗೆ ಎತ್ತೋಕಾಗಲಿಲ್ವಾ? ಸೊಸೆ ಅಲ್ವಾ, ಸಾಕು ಅಂದ್ಕೊಂಡಿರಬೇಕು.”

ಆ ಮಾತು ಸರಿಯಾದ ಜಾಗಕ್ಕೇ ನಾಟಿತು. ಭೋಗಿಯ ದಿನ ನಾಂಚಾರಮ್ಮ ಅರಿಸೆ ಕಜ್ಜಾಯ ಕರಿಯಲು ಪಿಚ್ಚಮ್ಮನ ಮನೆಗೆ ಹೋಗಿದ್ದಾಗ ರಮಾತುಲಸಿ ಅಡಿಗಲ್ಲಿನ ಮುಂದೆ ಕೂತು, ಎರಡು ರಿಂಗುಗಳನ್ನೂ ಕೊಕ್ಕೆ ಸಮೇತ ಚೆನ್ನಾಗಿ ಬಡಿದಳು. ಹೊಳಪು ಒಂದಿಷ್ಟು ಹೋಯಿತು. ಹೋದರೆ ಹೋಗಲಿ ಎಂದುಕೊಂಡಳು. ಕೆಲಸ ಕಲಿತವಳಿಗೆ ಬಡಿಯದ ರಿಂಗು ಕಂಡರೆ ಕೈ ಸುಮ್ಮನಿರದು. ಕಲಿಯದ ಹುಡುಗಿಯಾಗಿದ್ದರೆ ಕಿವಿ ಉಳಿಯುತ್ತಿತ್ತು.

ಮರುದಿನ ಸಂಕ್ರಾಂತಿ. ಮಲ್ಲೇಶು ಬೆಳಗ್ಗೆಯೇ ಹುಂಜಕ್ಕೆ ನೀರು ಚಿಮುಕಿಸಿ, ಕಣ್ಣಿಗೆ ಒತ್ತಿಕೊಂಡು ಪಂದ್ಯಕ್ಕೆ ಹೊರಟಿದ್ದ. ರಮಾತುಲಸಿ ಹೊಸ ಸೀರೆಯುಟ್ಟು ಬಂದು ಅತ್ತೆಯ ಮುಂದೆ ತಲೆ ಅಲ್ಲಾಡಿಸಿದಳು.

“ನೋಡಿ ಅತ್ತಯ್ಯ! ನೀವು ಬಡಿಯೋದು ಮರೆತಿದ್ರಿ. ನಾನೇ ಬಡಿದೆ. ಈಗ ಎಷ್ಟು ಎಳೆದ್ರೂ ಬಿಡಲ್ಲ.” ಎರಡು ಬೆರಳಲ್ಲಿ ಹಿಡಿದು ಜಗ್ಗಿಯೂ ತೋರಿಸಿದಳು.

ನಾಂಚಾರಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. “ಬಿಚ್ಚೇ ಅದನ್ನ.”

“ಯಾಕೆ?”

“ಬೇರೆ ಕೊಡ್ತೀನಿ. ಬಿಚ್ಚು ಅಂದೆ.”

“ಯಾಕೆ ಅಂತ ಹೇಳಿ, ಈಗಲೇ ಬಿಚ್ತೀನಿ. ಸೊಸೆ ಗಟ್ಟಿ ರಿಂಗು ಹಾಕ್ಕೊಂಡ್ರೆ ನಿಮಗೇನು ಹೊಟ್ಟೆ ಉರಿ?”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಹಬ್ಬಕ್ಕೆ ಮನೆಮನೆ ತಿರುಗುವ ಹರಿದಾಸರ ತಂಬೂರಿ ಕೇಳುತ್ತಿತ್ತು, ಅಂಗಳದ ತುಂಬ ರಂಗೋಲಿ, ಹಬ್ಬದ ದಿನ ಮನೆಯ ಹೊಲಸು ಯಾಕೆ ತೆಗೆಯಬೇಕು ಎನಿಸಿತು. ನಾಳೆ ಹೇಳಿದರಾಯಿತು. “ಏನೂ ಇಲ್ಲ, ಸುಮ್ನೆ ಅಂದೆ,” ಎಂದು ಸೌಟು ಎತ್ತಿಕೊಂಡಳು. ರಮಾತುಲಸಿ ಮೂತಿ ತಿರುವಿ ಮಸಾಲೆ ಅರೆಯಲು ಕೂತಳು. ಪಂದ್ಯ ಗೆದ್ದವನು ಸೋತವನ ಸತ್ತ ಕೋಳಿಯನ್ನು ಮನೆಗೆ ತರುತ್ತಾನೆ. ಆ ಮಾಂಸದ ರುಚಿಯೇ ಬೇರೆ ಎಂದು ಅಲ್ಲಿಯವರ ನಂಬಿಕೆ. ಗಂಡ ತರುತ್ತಾನೆಂದು ಅವಳು ಒಂದು ಗುಡ್ಡೆ ಮಸಾಲೆ ಅರೆದಿಟ್ಟಳು.

ಮಧ್ಯಾಹ್ನ ಎರಡರ ಬಿಸಿಲಿಗೆ ಮಲ್ಲೇಶು ಬಂದ. ಅಂಗಿಯ ಮೇಲೆಲ್ಲ ಕೋಳಿಯ ರಕ್ತ, ಕೈ ಖಾಲಿ. ಅವನ ಹುಂಜ ಮೊದಲ ನೆಗೆತಕ್ಕೇ ಕರುಳು ಚೆಲ್ಲಿಕೊಂಡಿತ್ತು. ಅದನ್ನೂ ಗೆದ್ದವನು ಎತ್ತಿಕೊಂಡು ಹೋಗಿದ್ದ. ಬೇರೆ ಹೆಂಗಸಾಗಿದ್ದರೆ ಆ ಮುಖ ನೋಡಿ ಒಳಗೆ ಹೋಗುತ್ತಿದ್ದಳು. ರಮಾತುಲಸಿಗೆ ಏನೂ ಗೊತ್ತಿರಲಿಲ್ಲವಲ್ಲ!

“ಏನ್ರೀ, ಮಸಾಲೆ ಅರೆದು ಕೂತಿದೀನಿ, ಕೋಳಿ ಎಲ್ಲಿ? ಮಾವನ ಮನೆಗೆ ಕಳಿಸಿಕೊಟ್ಟು ಬಂದ್ರಾ?”

ಅಂಗಳದಲ್ಲಿದ್ದವರು ನಕ್ಕರು. ಪಿಚ್ಚಮ್ಮನ ನಗು ಎಲ್ಲರಿಗಿಂತ ದೊಡ್ಡದು. ಮಲ್ಲೇಶು ಎರಡು ಹೆಜ್ಜೆ ಇಟ್ಟು, ತೋರುಬೆರಳನ್ನು ರಿಂಗಿನೊಳಗೆ ತೂರಿಸಿ, ಅವಳನ್ನು ಒಳಕ್ಕೆ ದರದರ ಎಳೆದ. ಹೊಸ್ತಿಲಲ್ಲಿ ಅವಳು ಎಡವಿದಳು. ಅವನು ನಿಲ್ಲಲಿಲ್ಲ, ಜಗ್ಗಿದ. ಚೆನ್ನಾಗಿ ಬಡಿದ ಕೊಕ್ಕೆ ಬಿಚ್ಚಿಕೊಳ್ಳಲಿಲ್ಲ. ಹಾಲೆ ಸೀಳಿತು. ರಮಾತುಲಸಿ ಕೂಗಿದ ಕೂಗಿಗೆ ಅಂಗಳದ ನಗು ಕತ್ತರಿಸಿದಂತೆ ನಿಂತಿತು. ಹೊಸ ಸೀರೆಯ ಹೆಗಲೆಲ್ಲ ಕೆಂಪಾಯಿತು. ಅವನ ಕೈ ಮತ್ತೆ ಎದ್ದದ್ದು ಇನ್ನೊಂದು ಕಿವಿಗೆ.

ನಾಂಚಾರಮ್ಮ ಅಡಿಗಲ್ಲಿನ ಪಕ್ಕದ ಸುತ್ತಿಗೆ ಹಿಡಿದು ಬಂದದ್ದನ್ನು ಯಾರೂ ನೋಡಲಿಲ್ಲ. ಮೊದಲನೆಯ ಏಟು ಅವನ ಮೊಣಕೈಗೆ. ಕೈ ಜೋತುಬಿತ್ತು, ಅವನು ಮುಗ್ಗರಿಸಿ ಕೆಳಗೆ ಬಿದ್ದಾಗ ಅದೇ ಕೈಯ ಅಂಗೈ ನೆಲಕ್ಕೆ ಕವುಚಿಕೊಂಡಿತು. ಎರಡನೆಯದು ಆ ಅಂಗೈಯ ಬೆನ್ನಿಗೆ. ಮೂರನೆಯದು ಬೆರಳಿಗೆ. ಎಲುಬು ನುರಿದದ್ದು ಕಿವಿಗೆ ಕೇಳಿತು. “ಅಮ್ಮಾ! ಅಮ್ಮಾ!” ಎಂದು ಅರಚಿದ. ಹೊಡೆಯುತ್ತಿದ್ದವಳನ್ನೇ ಕರೆದ ಪಾಪ. ಅವಳು ಇನ್ನೂ ಎರಡು ಹಾಕಿದಳು. ಆ ಎರಡು ಮಗನಿಗೆ ಸಲ್ಲಬೇಕಾದದ್ದಲ್ಲ, ಅವನ ಅಪ್ಪನಿಗೆ. ಸತ್ತವನಿಗೆ ಮುಟ್ಟಿಸುವ ದಾರಿ ಬೇರೆ ಇರಲಿಲ್ಲ. ಪಿಚ್ಚಮ್ಮ ಬಂದು ಸೊಂಟ ಹಿಡಿದೆಳೆಯದಿದ್ದರೆ ಆ ಕೈ ಪೂರ್ತಿ ಹಿಟ್ಟಾಗುತ್ತಿತ್ತು.

ಹಬ್ಬದ ದಿನ ಸಿಕ್ಕಿದ್ದು ಒಂದೇ ರಿಕ್ಷಾ. ಸೊಸೆ ಒಂದು ಮಗ್ಗುಲಿಗೆ, ಮಗ ಒಂದು ಮಗ್ಗುಲಿಗೆ, ನಡುವೆ ನಾಂಚಾರಮ್ಮ. ಎರಡೂ ಕಡೆಯ ರಕ್ತ ಅವಳ ಮಡಿಲಿಗೇ ಹರಿಯಿತು. ಬಂದರು ಪಟ್ಟಣದ ಆಸ್ಪತ್ರೆಯಲ್ಲಿ ಕೋಳಿಕತ್ತಿ ತಗುಲಿದವರದೇ ಸಾಲು. ಅದಕ್ಕೆಂದೇ ಕೂರಿಸಿದ್ದ ಮುದಿ ಪೇದೆಯೊಬ್ಬ ದಪ್ಪ ಪುಸ್ತಕ ತೆರೆದು ಕೇಳಿದ.

“ಇಬ್ರೂ ಒಂದೇ ಮನೆಯವರಾ? ಕೋಳಿಕತ್ತಿ ತಗುಲಿದ್ದಾ?”

ಮಲ್ಲೇಶು ಹಲ್ಲು ಕಚ್ಚಿಕೊಂಡೇ ಹೇಳಿದ. “ಬಾವಿ ಹಗ್ಗ ಸಾರ್. ಅವಳ ಕಿವಿ ಸಿಕ್ಕಿತು, ಬಿಡಿಸೋಕೆ ಹೋದೆ, ರಾಟೆ ನನ್ನ ಕೈ ಮೇಲೆ ಬಿತ್ತು.”

ರಮಾತುಲಸಿ ಬಟ್ಟೆ ಒತ್ತಿಕೊಂಡು ಅತ್ತೆಯ ಕಡೆ ನೋಡಿದಳು. ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ಕೇಳುವ ನೋಟ. ಒಮ್ಮೆ ಹೂಂ ಎಂದರೆ ಮುಗಿಯಿತು, ಇನ್ನು ನಲವತ್ತು ವರ್ಷ ಹೂಂ ಅನ್ನುತ್ತಲೇ ಇರಬೇಕು. ಅದನ್ನು ನಾಂಚಾರಮ್ಮನಷ್ಟು ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರಿದ್ದರು?

“ಹಗ್ಗವೂ ಇಲ್ಲ, ರಾಟೆಯೂ ಇಲ್ಲ ಸಾರ್,” ಎಂದಳು. “ಅವಳ ಕಿವಿ ಇವನು ಕಿತ್ತ. ಇವನ ಕೈ ನಾನು ಜಜ್ಜಿದೆ. ಸುತ್ತಿಗೆ ಮನೇಲಿದೆ, ಬೇಕಾದ್ರೆ ತಂದುಕೊಡ್ತೀನಿ.”

ಪೇದೆ ಬರೆಯುವುದು ಬಿಟ್ಟು ತಲೆ ಎತ್ತಿದ. “ನಿನ್ನ ಮಗನೇ ಅಲ್ವೇನಮ್ಮಾ? ಯೋಚನೆ ಮಾಡಿ ಹೇಳು. ಬರೆದರೆ ಅಳಿಸೋಕಾಗಲ್ಲ.”

“ನನ್ನ ಮಗನೇ. ಇವನು ಹಿಂಗೆ ಮಾಡ್ತಾನೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಅವಳಿಗೆ ಮೆತ್ತಗಿನ ತಂತೀಲಿ ರಿಂಗು ಮಾಡಿದ್ದೆ, ಎಳೆದ್ರೆ ಬಿಚ್ಚಿಕೊಳ್ಳಲಿ ಅಂತ.”

ರಮಾತುಲಸಿ ಒತ್ತಿ ಹಿಡಿದಿದ್ದ ಬಟ್ಟೆಯನ್ನು ಕಿವಿಯಿಂದ ತೆಗೆದಳು. ರಕ್ತ ಕುತ್ತಿಗೆಗೆ ಇಳಿಯುತ್ತಿದ್ದರೂ ಅವಳಿಗೆ ಅದರ ಗಮನವಿರಲಿಲ್ಲ.

“ಬೆಳಗ್ಗೆ ನಾನು ಯಾಕೆ ಅಂತ ಕೇಳಿದೆನಲ್ಲ ಅತ್ತಯ್ಯ,” ಎಂದಳು.

ನಾಂಚಾರಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. ಪೇದೆಯ ಕಡೆಗೇ ತಿರುಗಿ ನಿಂತಳು.

“ಕೇಳಿದ್ದಳು ಸಾರ್. ನಾನು ಹೇಳಲಿಲ್ಲ. ಅದನ್ನೂ ಬರ್ಕೊಳ್ಳಿ.”